ಕಾಯಿಸಿ ಆರಿಸಿದ ನೀರು

ಕುದಿಯುವ ನೀರಿಗೆ ವಾಸನೆ ಇಲ್ಲ ಎಂದು ನೀವು ಹೇಳಬಹುದು. ನಮ್ಮ ಮನೆಯಲ್ಲಿ ಇದೆ. ಸ್ಟೀಲ್ ಪಾತ್ರೆಯ ತಳ ಕಾದಾಗ ಏಳುವ, ಸುಣ್ಣದಂಥ ಸಣ್ಣ ವಾಸನೆ. ಈ ಸಂಜೆ ಮಣಿನಗರದ ನಮ್ಮ ಅಡುಗೆಮನೆಯಿಂದ ಅದು ಬಂದಾಗ, ಮಗಳು ಈಶಾ ಕನ್ನಡಿಯ ಮುಂದೆ ನಿಂತು ತನ್ನ ಮೊದಲ ದಿನದ ಕಾಂಟ್ಯಾಕ್ಟ್ ಲೆನ್ಸ್ ತೆಗೆಯುತ್ತಿದ್ದಳು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಬ್ಯಾಂಕಿನವರು ಅಪ್ಪನನ್ನು ಎಲ್ಲಿಗೆ ವರ್ಗ ಮಾಡಿದರೂ ಅವ್ವ ಮೊದಲು ವಿಚಾರಿಸುತ್ತಿದ್ದುದು ಮನೆಯನ್ನಲ್ಲ, ನೀರನ್ನು. ಧಾರವಾಡದಿಂದ ವಡೋದರಾದ ಗೋರ್ವಾಕ್ಕೆ ಬಂದಿಳಿದ ದಿನ, ಪೆಟ್ಟಿಗೆ ಬಿಚ್ಚುವ ಮೊದಲೇ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಕಾಯಿಸಿ ಆರಿಸಿದ ನೀರು ಯಾರಿಗೂ ಕೆಡುಕು ಮಾಡದು ಎಂಬುದು ವರ್ಗದ ಸಂಸಾರಗಳ ಧರ್ಮ. ವಿಜ್ಞಾನದ ಪದವಿ ಪಡೆದ ನಾನೂ ಆ ಧರ್ಮದವನೇ.

ತಂಗಿ ಶೈಲಾ ಕಾಲೇಜಿನಲ್ಲಿದ್ದಾಗ ದಪ್ಪ ಕನ್ನಡಕ ಬಿಟ್ಟು ಲೆನ್ಸ್ ಹಾಕಿಕೊಂಡಳು. ಅಂಗಡಿಯಲ್ಲಿ ಎರಡು ಬಗೆ ತೋರಿಸಿದ್ದರು. ಒಂದು, ಸಂಜೆಗೆ ಎಸೆದುಬಿಡುವಂಥದ್ದು. ಇನ್ನೊಂದು, ದಿನವೂ ದ್ರಾವಣದಲ್ಲಿ ತೊಳೆದಿಟ್ಟು ತಿಂಗಳು ಬಳಸುವಂಥದ್ದು. ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಣಗಿಸುವ ಮನೆ ನಮ್ಮದು. ಎರಡನೆಯದನ್ನೇ ಆರಿಸಿದೆವು ಎಂದು ಹೇಳಬೇಕಾಗಿಲ್ಲ.

ಆ ವರ್ಷದ ಉತ್ತರಾಯಣಕ್ಕೆ ಊರೆಲ್ಲ ಗಾಳಿಪಟ ಹಿಡಿದು ಮಾಳಿಗೆಯ ಮೇಲಿತ್ತು, ಅಂಗಡಿಗಳು ಮುಚ್ಚಿದ್ದವು. ದ್ರಾವಣ ಮುಗಿದಿತ್ತು. ಲೆನ್ಸಿನ ಪುಟ್ಟ ಡಬ್ಬಿಗೆ ಕಾಯಿಸಿ ಆರಿಸಿದ ನೀರು ಬಿತ್ತು. ಮರುದಿನ ಅವಳು ಅದೇ ಲೆನ್ಸ್ ತೊಟ್ಟು ಮತ್ತೆ ಮಾಳಿಗೆ ಹತ್ತಿದಳು.

ಕಣ್ಣು ಕೆಂಪಾದಾಗ ಗಾಜಿನ ಪುಡಿ ಸವರಿದ ಮಾಂಜಾ ದಾರದ ಧೂಳು ಎಂದೆವು. ಬೆಳಕು ತಡೆಯಲಾರದೆ ಅವಳು ಪರದೆ ಎಳೆದು ಮಲಗಿದ ಮೇಲೇ ಆಸ್ಪತ್ರೆಗೆ ಹೋದದ್ದು. ಹೊಟ್ಟೆ ಸಹಿಸುವುದನ್ನೆಲ್ಲ ಕಣ್ಣು ಸಹಿಸುವುದಿಲ್ಲ, ಪಾತ್ರೆಯಲ್ಲಿ ಆರಿದ ನೀರಿಗೆ ಮತ್ತೆ ಸೇರುವ ಜೀವಿಗಳು ಲೆನ್ಸಿನಡಿ ಮನೆ ಮಾಡುತ್ತವೆ ಎಂದು ವೈದ್ಯೆ ಹಿಂದಿಯಲ್ಲಿ ವಿವರಿಸಿದರು. ಕಾಯಿಸಿದ್ದೂ ಆಗದೇ ಎಂದು ಅವ್ವ ನನ್ನ ಮೂಲಕ ಕೇಳಿಸಿದಳು. ಅವರು ಅವ್ವನ ಕಡೆ ತಿರುಗಿ ಗುಜರಾತಿಯಲ್ಲಿ ಮೆಲ್ಲಗೆ ಹೇಳಿದರು: “ಪಾಣಿ ನಾ ಚಾಲೆ, ಬೆನ್.” ನೀರು ನಡೆಯುವುದಿಲ್ಲ.

ತಿಂಗಳುಗಟ್ಟಲೆ ಔಷಧದ ನಂತರ ಕಣ್ಣು ಉಳಿಯಿತು, ಬಿಳಿಯ ಕಲೆಯೊಂದಿಗೆ. ಆ ಕಣ್ಣಿಗೆ ಎಲ್ಲವೂ ಹಬೆಯ ಆಚೆ ಇದ್ದಂತೆ ಕಾಣುತ್ತದಂತೆ.

“ಆ ನೀರು ಹಾಕಿದಾಕಿ ನಾನು,” ಎನ್ನುತ್ತಾಳೆ ಅವ್ವ, ಈಗಲೂ.

“ನೀ ಎಳ್ಳುಂಡಿ ಕಟ್ಲಿಕ್ಹತ್ತಿದ್ದಿ. ಹಾಕ್ಕೊಂಡಾಕಿ ನಾನಽ,” ಎನ್ನುತ್ತಾಳೆ ಶೈಲಾ. ಇಬ್ಬರೂ ಬಿಟ್ಟುಕೊಡುವುದಿಲ್ಲ. ನನ್ನ ನೆನಪಿನಲ್ಲಿ ಹಸಿರು ಬಳೆಯ ಕೈಯೊಂದು ಪಾತ್ರೆ ಬಾಗಿಸುತ್ತದೆ. ಆದರೆ ಹಬ್ಬಕ್ಕೆ ಇಬ್ಬರೂ ಹಸಿರು ಬಳೆ ತೊಟ್ಟಿದ್ದರು. ನಾನು ಕಂಡೆನೋ, ಕೇಳಿ ಕೇಳಿ ಕಟ್ಟಿಕೊಂಡೆನೋ ಹೇಳಲಾರೆ.

ಈಶಾ ಲೆನ್ಸ್ ಕೇಳಿದಾಗ ನಾನು ಬೇಡವೆಂದೆ. ಸೂರತ್ತಿನಿಂದ ಶೈಲಾಳೇ ಬಂದು ಅವಳನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಳು, ಅಳತೆ ಮಾಡಿಸಿದಳು, ಸಂಜೆಗೆ ಎಸೆಯುವ, ದಿನಕ್ಕೊಂದು ಜೊತೆಯದನ್ನೇ ಕೊಡಿಸಿದಳು. ಕೈ ತೊಳೆದು ಪೂರ್ತಿ ಒರೆಸಿಕೊಳ್ಳುವುದು, ತೊಟ್ಟು ಮಲಗದಿರುವುದು, ಕಣ್ಣು ಕೆಂಪಾದರೆ ತಕ್ಷಣ ತೆಗೆದು ವೈದ್ಯರ ಬಳಿ ಓಡುವುದು, ಎಲ್ಲವನ್ನೂ ಕಲಿಸಿ ನಿನ್ನೆ ಮರಳಿದಳು.

ಈಗ ಈಶಾ ಎರಡೂ ಲೆನ್ಸನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದಳು. ಅವಳೂ ನಮ್ಮ ಮನೆಯವಳೇ.

“ಅಜ್ಜೀ, ಇದು ಹೊಸದೇ ಇದೆ. ನಿಮ್ಮ ನೀರಲ್ಲಿ ಇಡ್ಲಾ? ಕಾಲೆ ಪಣ್ ಚಾಲ್ಶೆ.” ನಾಳೆಗೂ ನಡೆಯುತ್ತದೆ ಎಂದು.

ನಾನು ಎದ್ದೆ. ಅಷ್ಟರಲ್ಲಿ ಅವ್ವ ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಮೊಮ್ಮಗಳ ಮುಂದೆ ಅಂಗೈ ಚಾಚಿದಳು. ಲೆನ್ಸುಗಳನ್ನು ತೆಗೆದುಕೊಂಡು, ತೊಳೆದ ಹಾಲಿನ ಪ್ಯಾಕೆಟ್ಟುಗಳು ಒಣಗುತ್ತಿದ್ದ ಹಗ್ಗದ ಕೆಳಗಿನ ಕಸದ ಬುಟ್ಟಿಗೆ ಹಾಕಿದಳು.

“ನಾ ಚಾಲೆ,” ಎಂದಳು. ಇಷ್ಟು ವರ್ಷ ಇಲ್ಲಿದ್ದೂ ಅವ್ವ ಗುಜರಾತಿ ಆಡಿದ್ದನ್ನು ನಾನು ಕೇಳಿರಲಿಲ್ಲ.

ಕುಡಿಯಲು ನನಗೊಂದು ಲೋಟ ನೀರು ಬೇಕೆಂದೆ. ಇನ್ನೂ ಆರಿಲ್ಲ, ತಡಿ ಎಂದಳು. ನಾನು ಅಲ್ಲೇ ಅವಳ ಪಕ್ಕ ನಿಂತು ಕಾದೆ.