ದೋಣಿಗೆ ಮೂಕಿ ಕೂಡಿಸಿದ ನಮ್ಮ ಭಾವ

ನಮ್ಮ ಭಾವ ಕಾಶಪ್ಪನ ಬಗ್ಗೆ ಬರೆಯಲು ಕೂತರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ಸಿಟ್ಟು ಅವನ ಬಾಯಿಯ ಮೇಲೆ. ಆ ಮನುಷ್ಯ ಬಡಾಯಿ ಕೊಚ್ಚಲು ಶುರುಮಾಡಿದರೆ ಪುಣೆಯ ಸಿಟಿ ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದು ಬಿಟ್ಟು ಕೇಳುತ್ತ ನಿಲ್ಲುತ್ತಿದ್ದ. ಅದೂ ಕನ್ನಡದ ಒಂದಕ್ಷರ ಬಾರದ ಕಂಡಕ್ಟರ್!

ಭಾವ ಸುರಪುರ ಕಡೆಯ ಬಡಿಗ. ಅವರ ಮನೆತನದ ಬಂಡಿಗಳಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರುಗಳು ಬಂದು, ಮರದ ಗಾಲಿಯ ಬಂಡಿ ಕೇಳುವವರು ಕಡಿಮೆಯಾದರು. ಭಾವ ನಮ್ಮ ಅಕ್ಕ ಮಾನಮ್ಮನನ್ನು ಕರೆದುಕೊಂಡು ಪುಣೆಗೆ ಬಂದ. ಆಗ ಕೋಥರೂಡದಲ್ಲಿ ಎಲ್ಲಿ ನೋಡಿದರೂ ಸೊಸಾಯಿಟಿ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಅವನಿಗೆ ಸೆಂಟ್ರಿಂಗ್ ಕೆಲಸ ಸಿಕ್ಕಿತು. ಅಂದರೆ ಸ್ಲ್ಯಾಬಿನ ಕೆಳಗೆ ಹಲಗೆ ಹೊಡೆಯುವುದು, ಕಾಂಕ್ರೀಟು ಸುರಿದು ಗಟ್ಟಿಯಾದ ಮೇಲೆ ಅವೇ ಹಲಗೆಗಳನ್ನು ಕೀಳುವುದು. ಕೂಲಿ ವಾರವಾರ ತಪ್ಪದೆ ಬರುತ್ತಿತ್ತು. ಅಕ್ಕನಿಗೆ ಅಷ್ಟೇ ಸಾಕಿತ್ತು. ಭಾವನಿಗೆ ಸಾಕಾಗಿರಲಿಲ್ಲ.

"ನಾ ಮಾಡೋದು ಮನಿ ಅಲ್ಲ ತಮ್ಮಾ, ಮನಿಗಿ ಹಾಕೋ ಅಂಗಿ," ಎನ್ನುತ್ತಿದ್ದ. "ಒಣಗಿದ ಮ್ಯಾಲ ಕಳದು ಒಗೀತಾರ. ಈ ಪುಣಾದಾಗ ಇಷ್ಟ್ ವರ್ಷ ದುಡದೀನಿ. ಇದು ಕಾಶಪ್ಪ ಮಾಡಿದ್ದು ಅಂತ ತೋರಸ್ಲಿಕ್ಕ ಒಂದು ಕೂಡೋ ಮಣೀನೂ ಇಲ್ಲ."

ಹಾಗೆ ಹೇಳುವಾಗ ಮಾತ್ರ ಅವನ ದನಿ ಸಣ್ಣದಾಗುತ್ತಿತ್ತು.

ನಾನು ಭವಾನಿ ಪೇಠೆಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಅಲ್ಲೇ ಹತ್ತಿರ ಟಿಂಬರ್ ಮಾರ್ಕೆಟ್ಟಿನಲ್ಲಿ ಅಥಣಿ ಕಡೆಯ ಅಪ್ಪಾಸಾಹೇಬರ ಕಟ್ಟಿಗೆ ಅಂಗಡಿ. ಅವರ ಮಾಲು ನಮ್ಮ ಲಾರಿಗಳಲ್ಲಿ ಬರುತ್ತಿತ್ತು, ಹೀಗಾಗಿ ಪರಿಚಯ. ಒಳ್ಳೇ ಮನುಷ್ಯ, ಆದರೆ ಒಂದು ಹುಚ್ಚು ಇತ್ತು. ಮುಂಬೈ ಬಂದರಿನಲ್ಲಿ ಓಡಾಡಿ ಮುದಿಯಾಗಿದ್ದ ಒಂದು ಹಾಯಿದೋಣಿಯನ್ನು ಯಾರಿಂದಲೋ ಕೊಂಡು, ಲಾರಿಯ ಮೇಲೆ ಹೇರಿಸಿ ತಂದು ಖಡಕವಾಸಲಾ ಕೆರೆಯಲ್ಲಿ ಬಿಟ್ಟಿದ್ದರು. ಪ್ರತಿ ಭಾನುವಾರ ಅದರಲ್ಲಿ ಸವಾರಿ. ದೋಣಿಗೆ ಹೆಂಡತಿಯ ಹೆಸರಿಟ್ಟು "ಪಾರವ್ವ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ನಿಜವಾದ ಪಾರವ್ವನವರು ಆ ದೋಣಿಯ ಮುಖವನ್ನೂ ನೋಡಿರಲಿಲ್ಲ.

ಎಂಬತ್ಮೂರರ ಮಳೆಗಾಲದಲ್ಲಿ ಒಂದು ದಿನ ಭಾವನ ಜೊತೆ ಅವರ ಅಂಗಡಿಗೆ ಹೋದೆ. ಅಪ್ಪಾಸಾಹೇಬರು ತಲೆಗೆ ಕೈಹಚ್ಚಿ ಕೂತಿದ್ದರು. ಮುಂದೆ ನೆಲದ ಮೇಲೆ ಒಂದು ಮುರುಕು ಕೋಲು ಬಿದ್ದಿತ್ತು. ನನ್ನ ಎರಡರಷ್ಟು ಉದ್ದ, ತೊಡೆಯಷ್ಟು ದಪ್ಪ. ಬುಡ ಲಡ್ಡು ಹಿಡಿದು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

"ದೋಣಿ ಮೂತಿಯಿಂದ ಮುಂದಕ್ಕ ಚಾಚಿರತೈತಲ್ಲ, ಆ ಮರ ಇದು," ಎಂದರು. "ಇದರ ತುದಿಗೆ ಹಾಯಿ ಹಗ್ಗ, ನಡುಗಂಬದ ಹಗ್ಗ ಎಲ್ಲಾ ಬಿಗೀತಾರ. ಇದು ಹೋತಂದ್ರ ಕಂಬಾನೂ ಹೋತು, ಹಾಯೀನೂ ಹೋತು. ಇಲ್ಲಿ ಸುತಾರ ಮಂದಿ ಖುರ್ಚಿ, ಕಪಾಟ ಮಾಡೋರು. ಇದನ್ನ ನೋಡಿದ್ರ ಕೈಮುಗೀತಾರ."

ನಾನು ಭಾವನ ಅಂಗಿ ಹಿಡಿದು ಎಳೆದೆ. ಅಷ್ಟರಲ್ಲಿ ಅವನ ಬಾಯಿ ತೆರೆದಾಗಿತ್ತು.

"ಇದೇನ್ ಮಹಾ ರೀ ಸಾಹೇಬ್ರ? ಬಂಡಿ ಮುಂದ ನೊಗ ಕಟ್ಟೋ ಮೂಕಿ ಇರ್ತದಲ್ಲ, ಇದು ದೋಣಿ ಮೂಕಿ. ನಮ್ಮ ಮನಿತನದಾಗ ಮೂಕಿ ಮಾಡಿ ಮಾಡಿ ಕೈ ಜಡ್ಡು ಹಿಡದಾವ. ನಿದ್ದಿಗಣ್ಣಾಗ ಮಾಡಿ ಒಗೀತೀನಿ!"

ಅಪ್ಪಾಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮಾಡು. ಗಟ್ಟಿ ನಿಂತಿತಂದ್ರ ನನ್ನ ಅಂಗಡಿ ಬಾಜೂಕ ಪತ್ರಾ ಶೆಡ್ ಖಾಲಿ ಐತಿ, ಅದು ನಿಂದು. ಅಲ್ಲೇ ಕೂತು ಬಾಗಲಾ, ಕಿಡಕಿ, ಜೋಕಾಲಿ ಮಾಡು. ಕಟಗಿ ತಗೊಳ್ಳಾಕ ಬಂದ ಗಿರಾಕಿನ್ನೆಲ್ಲ ನಿನ್ನ ಕಡೆ ಕಳಸ್ತೀನಿ. ಆದ್ರ ನೀರಾಗ ಮುರೀತೋ, ಇಡೀ ಮಾರ್ಕೆಟ್ ನನಗ ನಗತೈತಿ. ಆಮ್ಯಾಲ ನಿನ್ನ ಹೆಸರು ಯಾರ ಮುಂದೂ ಹೇಳಾಕ ಬರಾಂಗಿಲ್ಲ ನೋಡು."

ಶೆಡ್ಡು ಎಂಬ ಮಾತು ಕೇಳಿದ್ದೇ ಭಾವನ ಕಣ್ಣು ತೇವವಾದದ್ದನ್ನು ನಾನು ನೋಡಿದೆ. ಸೆಂಟ್ರಿಂಗ್ ಬಿಟ್ಟು ಮತ್ತೆ ಬಡಿಗನಾಗುವ ದಾರಿ ಅವನಿಗೆ ಅದೊಂದೇ ಕಂಡಿತು. ಹಳೆಯ ಕೋಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ಬಂದ.

ಆ ಕೋಲು ನಡುವಿನಿಂದ ಮುಂದಕ್ಕೆ ಚೂರು ಮೇಲಕ್ಕೆ ಬಾಗಿತ್ತು. ಭಾವ ಅದನ್ನು ಸವರಿ ಸವರಿ ಮೆಚ್ಚಿದ.

"ನೋಡು ತಮ್ಮಾ, ಹಳೇ ಬಡಿಗನ ಕೈ! ಬಂಡಿ ಮೂಕೀನೂ ಹಿಂಗ ಎತ್ತಿರಬೇಕು. ಇಲ್ಲಂದ್ರ ಎತ್ತಿನ ಹೆಗಲಿಗಿ ಭಾರ ಬೀಳ್ತದ."

ದೋಣಿಯ ಮುಂದೆ ಎತ್ತು ಇರುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಹಾಳಾದ್ದು, ನನಗೂ ಹೊಳೆಯಲಿಲ್ಲ!

ಹಾಗೇ ಬಾಗಿದ ಸಾಗವಾನಿ ತುಂಡಿಗಾಗಿ ಅವನು ಟಿಂಬರ್ ಮಾರ್ಕೆಟ್ಟನ್ನೆಲ್ಲ ಜಾಲಾಡಿದ. ಪ್ರಪಂಚವೇ ನೆಟ್ಟಗಿನ ಕಟ್ಟಿಗೆ ಕೇಳುವಾಗ ಇವನೊಬ್ಬನಿಗೆ ಡೊಂಕು ಬೇಕು. ಹಮಾಲರು ಇವನನ್ನು ಕಂಡರೆ ಸಾಕು, "ವಾಕಡ್ಯಾ ಆಲಾ!" ಎಂದು ಕೂಗುತ್ತಿದ್ದರು, ಡೊಂಕ ಬಂದ ಅಂತ. ಕೊನೆಗೆ ಒಂದು ಕಟ್ಟಿಗೆ ವಖಾರಿಯ ಮೂಲೆಯಲ್ಲಿ, ಉರುವಲಿಗೆ ಹೋಗಬೇಕಿದ್ದ ರಾಶಿಯಲ್ಲಿ ಬೇಕಾದ ತುಂಡು ಸಿಕ್ಕಿತು. ಸಂಜೆ ಸೈಟಿನಿಂದ ಬಂದವನೇ ಬಾಚಿ ಹಿಡಿಯುತ್ತಿದ್ದ. ಕೆತ್ತಿ, ಉಜ್ಜರಿ ಹೊಡೆದು ನುಣುಪು ಮಾಡಿ, ಎಣ್ಣೆ ಹಚ್ಚಿ, ಒಂದು ದಿನ ಕೈಗಾಡಿಯ ಮೇಲೆ ಹೇರಿಕೊಂಡು ಮದುವೆಯ ಮೆರವಣಿಗೆಯ ಹಾಗೆ ಅಂಗಡಿಗೆ ತಂದ.

ಅಪ್ಪಾಸಾಹೇಬರು ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಿದರು.

"ಇದ್ಯಾಕೋ ಕಾಶಪ್ಪಾ, ಹಿಂಗ ಬಾಗೇತಿ?"

"ಹಳೇದು ಹ್ಯಾಂಗಿತ್ತೋ ಹಂಗೇ ರೀ. ಕೂದಲೆಳಿ ಫರಕ ಇಲ್ಲ."

"ಅಯ್ಯೋ ನಿನ್ನ! ಅದು ಹಗ್ಗ ಜಗ್ಗಿ ಜಗ್ಗಿ ಮುಪ್ಪಿನಾಗ ಬಾಗಿದ್ದೋ ಮಾರಾಯಾ! ಹುಟ್ಟಿದಾಗ ನೆಟ್ಟಗಿತ್ತು!"

ಹಮಾಲರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವನದು ಅದಕ್ಕಿಂತ ಮಿಗಿಲು, ಕುಣಿಯಲು ಬಂದರೂ ನೆಲವನ್ನು ಡೊಂಕು ಮಾಡಿಕೊಂಡು ಕುಣಿದಿದ್ದ! ನಾನೂ ನಕ್ಕೆ. ಆದರೆ ಭಾವ ತಲೆತಗ್ಗಿಸಿ ನಿಂತಿದ್ದನ್ನು ಕಂಡು ನಗು ನಿಲ್ಲಿಸಿದೆ. ಅಪ್ಪಾಸಾಹೇಬರು ಕಣ್ಣೊರೆಸಿಕೊಂಡು, "ಇರ್ಲಿ ಬಿಡು. ಕೆಲಸ ಮಾತ್ರ ಛಲೋ ಮಾಡೀಯಪಾ," ಎಂದು ತಮ್ಮ ರಾಶಿಯಿಂದಲೇ ಒಂದು ನೆಟ್ಟಗಿನ ತುಂಡು ಆರಿಸಿ ಕೊಟ್ಟರು. "ಇದ ಕಡೀ ಸಲ ನೋಡು. ಗಣಪತಿ ಹಬ್ಬ ಮುಗಿದ ಮೊದಲನೇ ಭಾನುವಾರ ನೀರಿಗೆ ಇಳಸ್ತೀನಿ."

ದಿನಗಳು ಕಡಿಮೆ ಇದ್ದವು. ಭಾವ ಸೈಟಿಗೆ ಹೋಗುವುದನ್ನೇ ಬಿಟ್ಟು ಅಂಗಡಿಯ ಅಂಗಳದಲ್ಲಿ ಕೆಲಸಕ್ಕೆ ಕೂತ. ಸೈಟಿನ ಮುಕಾದಮ ಹುಲಿಗೆಪ್ಪ ಕಾದು ಕಾದು ಸಾಕಾಗಿ ಒಂದು ಸಂಜೆ ಮನೆಗೇ ಬಂದ.

"ಸೋಮವಾರ ದೊಡ್ಡ ಸ್ಲ್ಯಾಬ್ ಅದ ಮಾನಮ್ಮ. ಅವತ್ತು ನಿನ್ನ ಗಂಡ ಬರ್ಲಿಲ್ಲಂದ್ರ ಅವನ ಜಾಗಕ್ಕ ಬ್ಯಾರೆಯವ ಬರ್ತಾನ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಅವನು ಅತ್ತ ಹೋದದ್ದೇ ತಡ, ಅಕ್ಕ ಇತ್ತ ಶುರುಮಾಡಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನಿಜವಾಗಿಯೂ ನೀರಿಗೇ ಎಳೆಯುವವನು ಒಬ್ಬನಿದ್ದ.

"ಶೆಡ್ ಶೆಡ್ ಅಂತ ಕುಣೀತೀರಲ್ಲ, ಆ ಕಟಗಿ ನೀರಾಗ ಪಟ್ ಅಂದ್ರ ಏನ್ ಮಾಡ್ತೀರಿ? ಅತ್ಲಾಗ ಶೆಡ್ಡೂ ಇಲ್ಲ, ಇತ್ಲಾಗ ಸೈಟೂ ಇಲ್ಲ. ಮಣ್ಣು ತಿಂತೀರೇನು? ಭಾನುವಾರಕ್ಕ ಈ ಹುಚ್ಚು ಮುಗೀಬೇಕು. ಸೋಮವಾರ ಸೈಟಿಗಿ ಹೋಗ್ಬೇಕು. ಆಣಿ ಮಾಡ್ರಿ!"

ಭಾವ ಸುಮ್ಮನೆ ಅವಳ ಕೈ ಮುಟ್ಟಿ ಆಣೆ ಮಾಡಿದ. ಬಡಾಯಿ ಇಲ್ಲ, ಎದುರುಮಾತಿಲ್ಲ. ಅವನು ಕೂಗಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಕೋಲು ಸಿದ್ಧವಾಯಿತು. ಹಗ್ಗಗಳನ್ನು ಕಟ್ಟುವ ಕಬ್ಬಿಣದ ಬಳೆಯನ್ನು ತುದಿಗೆ ಕೂಡಿಸುವುದೊಂದು ಉಳಿದಿತ್ತು. ಅಪ್ಪಾಸಾಹೇಬರು ಮೊಳೆ ಹೊಡೆಯಲು ಹೇಳಿದರು. ಭಾವ ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಶನಿವಾರ ಮುಂಜಾನೆ ಅಂಗಡಿಯ ಮುಂದೆ ಕುಳ್ಳು ಒಟ್ಟಿ ಬೆಂಕಿ ಹಾಕಿದ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ತೊಡಿಸುವ ಹಾಗೆ ಬಳೆಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತುದಿಗೆ ಇಳಿಸಿ, ನಾಲ್ಕು ಏಟು ಹಾಕಿ ಕೊಡದ ನೀರು ಸುರಿದ. ಚುಂಯ್ ಎಂದು ಹೊಗೆ ಎದ್ದು ಓಣಿಯೆಲ್ಲ ಸಾಗವಾನಿಯ ವಾಸನೆ ತುಂಬಿತು. ತಣ್ಣಗಾದ ಬಳೆ ಕಟ್ಟಿಗೆಯನ್ನು ಕಚ್ಚಿ ಹಿಡಿಯಿತು. ಹಮಾಲರು ಒಬ್ಬೊಬ್ಬರಾಗಿ ಜಗ್ಗಿ ನೋಡಿದರು, ಅಲುಗಲಿಲ್ಲ. ಅಕ್ಕ ಅವನಿಗೆ ಬುತ್ತಿ ತಂದಿದ್ದಳು. ಬುತ್ತಿ ಕೊಡುವುದನ್ನೂ ಮರೆತು ಅಲ್ಲೇ ನಿಂತು ನೋಡಿದಳು. ನೋಡಿ, ಬುತ್ತಿಯನ್ನು ಅಲ್ಲೇ ಇಟ್ಟು ಮನೆಗೆ ಹೋದಳು.

ಭಾನುವಾರ ಕೋಲನ್ನು ಲಾರಿಯಲ್ಲಿ ಮುಂದೆ ಕಳಿಸಿ, ಅಕ್ಕನನ್ನೂ ಕರೆದುಕೊಂಡು ಸ್ವಾರಗೇಟಿನಿಂದ ಬಸ್ಸು ಹಿಡಿದು ಖಡಕವಾಸಲಾಕ್ಕೆ ಹೋದೆವು. ಕೆರೆ ತುಂಬಿ ತುಳುಕುತ್ತಿತ್ತು. ಕೋಲಿನ ಬುಡವನ್ನು ದೋಣಿಯ ಮೂತಿಯ ಗೂಡಿನಲ್ಲಿ ಕೂಡಿಸಿ, ಬೆಣೆ ಹೊಡೆದು, ಹಗ್ಗಗಳನ್ನು ಬಿಗಿದಾಗ ಮಧ್ಯಾಹ್ನ ತಿರುಗಿತ್ತು. ಗಾಳಿ ಚೆನ್ನಾಗಿತ್ತು. ಅಪ್ಪಾಸಾಹೇಬರು ಚಪ್ಪಲಿ ಬಿಟ್ಟು ದೋಣಿ ಹತ್ತಿದರು.

"ನಿಲ್ರಿ ಸಾಹೇಬ್ರ," ಎಂದ ಭಾವ. "ನಮ್ಮಲ್ಲಿ ಒಂದು ಪದ್ಧತಿ ಅದ. ಹೊಸಾ ಬಂಡಿ ಹೂಡಿದಾಗ ಮಾಡಿದ ಬಡಿಗನೇ ಮೊದಲು ಮೂಕಿ ಮ್ಯಾಲ ಕೂಡಬೇಕು. ಮುರದ್ರ ಮೊದಲು ಅವನ ಎಲುಬು ಮುರೀಲಿ ಅಂತ. ಅವ ಕೂಡಲಿಲ್ಲಂದ್ರ ಅದು ಅವನ ಕೆಲಸ ಅಂತ ಅನ್ನಿಸ್ಕೊಳ್ಳಂಗಿಲ್ಲ. ನಮ್ಮಪ್ಪ ಇದರಾಗ ಎರಡು ಹಲ್ಲು ಕಳ್ಕೊಂಡಾನ."

"ಹುಚ್ಚಪ್ಪಾ, ಇದು ನೀರು! ಈಜು ಬರತೈತೇನು ನಿನಗ?"

ಬರುತ್ತಿರಲಿಲ್ಲ. ಕೃಷ್ಣಾ ನದಿಗೆ ಹೋದರೂ ದಂಡೆಯಲ್ಲಿ ಕೂತು ತಂಬಿಗೆಯಲ್ಲಿ ಮೈಮೇಲೆ ಸುರಿದುಕೊಳ್ಳುವ ಮನುಷ್ಯ ಅವನು. ನಾನು ಬೈದೆ, ಕೈಮುಗಿದೆ, ಅಕ್ಕನ ಕಡೆ ತಿರುಗಿ "ನೀನಾದ್ರೂ ಹೇಳಬಾರ್ದೇನಕ್ಕಾ?" ಎಂದೆ. ಅಕ್ಕ ದಂಡೆಯ ಚಹಾ ಅಂಗಡಿಗೆ ಹೋಗಿ ಖಾಲಿ ಎಣ್ಣೆ ಡಬ್ಬಿಯೊಂದನ್ನು ಇಸಿದುಕೊಂಡು ಬಂದಳು. ಬಾವಿಯಲ್ಲಿ ಈಜು ಕಲಿಯುವ ಹುಡುಗರಿಗೆ ಕಟ್ಟುವ ಹಾಗೆ ಅದನ್ನು ಗಂಡನ ಬೆನ್ನಿಗೆ ಬಿಗಿದಳು. "ಹೋಗ್ರಿ," ಎಂದಳು.

ಡಬ್ಬಿ ಹೊತ್ತ ಭಾವ ಆ ಕೋಲಿನ ಮೇಲೆ ಎತ್ತಿನ ಮೇಲೆ ಕೂತಂತೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಹಾಯಿ ಗಾಳಿ ತುಂಬಿಕೊಂಡಿತು. ಪಾರವ್ವ ಹೊರಟಳು. ನಾನೂ ಅಕ್ಕನೂ ದಂಡೆಯಲ್ಲೇ ಉಳಿದೆವು.

ಕೆರೆಯ ನಡುವೆ ಹೋದಾಗ ಗಾಳಿ ಒಮ್ಮೆಲೇ ಜೋರಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಮೂತಿ ನೀರಿಗೆ ಬಡಿಯಿತು. ಭಾವ ಎದೆಮಟ್ಟ ಮುಳುಗಿದ. "ತಿಂಥಣಿ ಮೋನಪ್ಪಯ್ಯಾ!" ಎಂಬ ಕೂಗು ದಂಡೆಗೂ ಕೇಳಿಸಿತು. ಹಿಂದೆಯೇ ಫಟ್ ಎಂಬ ಸಪ್ಪಳ. ಮುರಿಯಿತು! ಭಾವ ಸತ್ತರೆ ಅಕ್ಕನಿಗೆ ಏನು ಹೇಳಲಿ ಎಂದುಕೊಂಡೆ, ಅಕ್ಕ ಪಕ್ಕದಲ್ಲೇ ನಿಂತಿದ್ದಾಳೆ ಎಂಬುದೂ ನೆನಪಿರಲಿಲ್ಲ.

ಹರಿದದ್ದು ಡಬ್ಬಿಯ ಹಗ್ಗ. ಡಬ್ಬಿ ತೇಲಿಕೊಂಡು ಸಿಂಹಗಡದ ದಿಕ್ಕಿಗೆ ಹೊರಟಿತ್ತು. ದೋಣಿಯ ಮೂತಿ ಮತ್ತೆ ಮೇಲೆದ್ದಾಗ ಕೋಲು ನೆಟ್ಟಗೆ ನಿಂತಿತ್ತು. ಅದನ್ನು ಅಪ್ಪಿಕೊಂಡು ಭಾವ, ತೊಪ್ಪೆಯಾಗಿ, ಕಣ್ಣು ಬಿಟ್ಟು ಕೂತಿದ್ದ. ಇನ್ನೊಂದು ಸಲ ಮುಳುಗಿತು, ಎದ್ದಿತು. ಮೂರನೇ ಸಲಕ್ಕೆ ಅವನು ಒಂದು ಕೈ ಬಿಟ್ಟು ಕೋಲನ್ನು ಎತ್ತಿನ ಹೆಗಲು ತಟ್ಟಿದ ಹಾಗೆ ತಟ್ಟುತ್ತಿದ್ದ.

"ಇನ್ನೊಂದು ಸುತ್ತು ಹೊಡೀರಿ ಸಾಹೇಬ್ರ!" ಎಂದು ಕೂಗುವುದು ಕೇಳಿಸಿತು.

ನಾನು ನಕ್ಕೆನೋ ಅತ್ತೆನೋ ತಿಳಿಯದು. ಎರಡೂ ಇರಬೇಕು.

ದಂಡೆಗೆ ಬಂದಾಗ ಅಪ್ಪಾಸಾಹೇಬರು ಅವನ ಬೆನ್ನಿಗೊಂದು ಗುದ್ದು ಹಾಕಿ, "ನಾಳಿಂದ ಶೆಡ್ ನಿಂದಪಾ, ಯಾವಾಗ ಬರ್ತಿ?" ಎಂದರು. ಭಾವ ಕಳ್ಳನ ಹಾಗೆ ಅಕ್ಕನ ಮುಖ ನೋಡಿದ. ಅಕ್ಕ ಸೆರಗಿನಿಂದ ಅವನ ತಲೆ ಒರೆಸುತ್ತಿದ್ದಳು.

"ಆಣಿ ಮಾಡೀನಲ್ಲ," ಎಂದ ಮೆಲ್ಲಗೆ. "ನಾಳಿಗಿ ಸೈಟಿಗಿ ಹೋಗ್ತೀನಿ. ಸ್ಲ್ಯಾಬ್ ಮುಗಿಸಿ ಆಮ್ಯಾಲ ಹುಲಿಗೆಪ್ಪಗ ಕೇಳಿ ನೋಡೋಣು..."

"ಅವಗೇನ್ ಕೇಳ್ತೀರಿ? ನಾ ನಿನ್ನಿ ಸಂಜೀಕೇ ಹೋಗಿ ಹೇಳಿ ಬಂದೀನಿ. ಇನ್ನ ನಮ್ಮ ಮನಿಯವ್ರು ಬರಂಗಿಲ್ಲ, ಬ್ಯಾರೆಯವ್ರನ್ನ ನೋಡ್ಕೋರಿ ಅಂತ."

ಭಾವ ಅವಳ ಕೈ ಹಿಡಿದು ನಿಲ್ಲಿಸಿದ. "ನಿನ್ನೀನಾ? ಮೂಕಿ ಇನ್ನ ನೀರು ಕಂಡಿದ್ದಿಲ್ಲಲ್ಲೇ! ಮುರದಿದ್ರ?"

"ಮುರೀತದ ಅಂತ ಅನಿಸಿದ್ರ ನಿಮ್ಮನ್ನ ಅದರ ಮ್ಯಾಲ ಕೂಡಸ್ತಿದ್ನೇನು?" ಎಂದು ಅಕ್ಕ ಕೈ ಬಿಡಿಸಿಕೊಂಡು, ಅವನ ತಲೆಯನ್ನು ಇನ್ನೂ ಜೋರಾಗಿ ಒರೆಸತೊಡಗಿದಳು.