ಅವ್ವ ಕಿತ್ತುಕೊಂಡು ಬಂದ ಅಬ್ಬಲಿಗೆ

ಆಗ ನಮ್ಮಂಥ ಬ್ಯಾಂಕಿನವರ ಮಕ್ಕಳಿಗೆ ಊರು ಅಂದರೆ ಅಪ್ಪನ ಮುಂದಿನ ವರ್ಗದ ಆರ್ಡರ್ ಬರುವ ತನಕ ಇರುವ ಜಾಗ, ಅಷ್ಟೇ. ಎಂಬತ್ತರ ದಶಕದ ಕೊನೆಯ ಮಾತಿದು. ಧಾರವಾಡ ಬಿಟ್ಟು ನಾಸಿಕ್‌ಗೆ ಬಂದಾಗ ನಾನಿನ್ನೂ ಪಾಟಿ ಹಿಡಿದವಳು. ಅಂಬಡ್‌ಗೆ ಹೋಗುವ ರಸ್ತೆಯಲ್ಲಿ ನಮ್ಮ ಕ್ವಾರ್ಟರ್ಸ್. ಬಾಗಿಲು ತೆಗೆದು ನೋಡಿದರೆ ಏನಿದೆ? ಹಿಂದಿನವರು ಬಲ್ಬು ಬಿಚ್ಚಿಕೊಂಡು, ಬಟ್ಟೆ ಹಾಕುವ ತಂತಿ ಸುತ್ತಿಕೊಂಡು, ಕೊನೆಗೆ ತುಳಸಿಯನ್ನೂ ಕುಂಡದ ಸಮೇತ ಹೊತ್ತುಕೊಂಡು ಹೋಗಿದ್ದರು. ಅಂಗಳದಲ್ಲಿ ಉಳಿದಿದ್ದು ಒಂದು ನುಗ್ಗೆ ಮರ, ಅದರ ಬುಡದಲ್ಲಿ ಇಟ್ಟಂಗಿ ಚೂರು. "ಎಂಥಾ ಮಂದಿ ಇರ್ತಾರವ್ವಾ!" ಎಂದು ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಅವ್ವ ಧಾರವಾಡದಿಂದ ಎಣ್ಣೆ ಡಬ್ಬಿಯಲ್ಲಿ ಅಬ್ಬಲಿಗೆ ಸಸಿ ತಂದಿದ್ದಳು. ಕೆಲವರು ಕನಕಾಂಬರ ಅನ್ನುತ್ತಾರಲ್ಲ, ಅದೇ. ಓಣಿಯ ಮರಾಠಿ ಹೆಂಗಸರಿಗೆ ಅದು ಅಬೋಲಿ. ಹುಲ್ಲು ಕೂಡ ಬಾರದ ಆ ನೆರಳಲ್ಲಿ ಅವ್ವ ಚೂರು ಆರಿಸಿ, ಸಗಣಿ ಗೊಬ್ಬರ ಕಲಸಿ, ಸಸಿ ಇಟ್ಟಳು. ಅಕ್ಕಿ ತೊಳೆದ ನೀರೆಲ್ಲ ಅದಕ್ಕೇ. ಮೊಣಕಾಲಿಗಿಂತ ಮೇಲೆ ಏಳದ ಆ ಗಿಡಗಳು ಎರಡು ಮಳೆಗಾಲದಲ್ಲಿ ಒಂದಕ್ಕೊಂದು ಹೆಣೆದುಕೊಂಡು ಮಣ್ಣೇ ಕಾಣದಂತೆ ನೆಲ ಮುಚ್ಚಿಬಿಟ್ಟವು. ವಾಸನೆ ಇಲ್ಲದ ಹೂವು, ಆದರೆ ಆ ಬಣ್ಣ! ದಿನಾ ಸಂಜೆ ಅವ್ವ ಮಾಲೆ ಕಟ್ಟಿ ಮುಡಿದು, ಅಪ್ಪ ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಪ್ಪ ನೋಡಿಯೂ ನೋಡದವರ ಹಾಗೆ ಒಳಗೆ ಹೋಗುತ್ತಿದ್ದರು.

ನನಗೆ ಹೂವಿಗಿಂತ ಅದರ ಒಣಗಿದ ತೆನೆ ಇಷ್ಟ. ನೀರು ತಾಗಿದರೆ ಸಾಕು, ಕಾಯಿಗಳು ಚಟ್ ಚಟ್ ಎಂದು ಸಿಡಿದು ಬೀಜ ಎಲ್ಲೆಲ್ಲೋ ಹಾರುತ್ತಿತ್ತು. ಉಗುಳು ಹಚ್ಚಿ ಗೆಳತಿಯರ ಲಂಗದೊಳಗೆ ಹಾಕುವುದು, ಅವರು ಕಿರುಚುವುದು, ಅದೇ ನಮ್ಮ ಆಟ.

ಒಂದು ಮೇ ತಿಂಗಳು ಅಪ್ಪನಿಗೆ ಔರಂಗಾಬಾದ್‌ಗೆ ವರ್ಗವಾಯಿತು. ಈಗಿನ ಛತ್ರಪತಿ ಸಂಭಾಜಿನಗರ. ಸಾಮಾನು ಕಟ್ಟುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ಗುದ್ದಲಿ ಹಿಡಿದು ಅಂಗಳಕ್ಕಿಳಿದಳು. ಅಪ್ಪ ಕೇಳಿದರು, "ಎಲ್ಲಾ ಕೀಳ್ತೀ ಏನು? ಬರೋರಿಗೆ ನಾಕು ಗಿಡಾ ಬಿಡಬಾರದ?"

"ನಮಗ್ಯಾರು ಬಿಟ್ಟಿದ್ರೀ? ನಾ ಬೆಳಿಸಿದ್ದು, ನಾ ಒಯ್ತೀನಿ."

"ಈ ಬಿಸಲಾಗ ಉಳಿಯೂದಿಲ್ಲ, ನೋಡು."

"ಸುಮ್ಮನಿರ್ರಿ ನೀವು."

ಗೋಣಿಚೀಲಗಳು ತುಂಬಿದವು. ಮಧ್ಯಾಹ್ನ ನೋಡಿದರೆ ಅಂಗಳ ಬೋಳು ಬೋಳು. ಒಣ ತೆನೆಗಳು ಮಾತ್ರ ಒಂದು ಗುಡ್ಡೆ ಬಿದ್ದಿದ್ದವು. ಬೇಜಾರಿಗೆ ನಾನು ಅವನ್ನು ಹರಡಿ ಒಂದು ಬಕೀಟು ನೀರು ಸುರಿದೆ. ಅಬ್ಬಾ, ಚಟಪಟ ಚಟಪಟ! "ಏ ಸುಮಿ, ಲಾರಿ ಬಂದು ನಿಂತದ, ನಿಂದೇನು ಹುಡುಗಾಟ!" ಎಂದು ಅವ್ವ ಬೆನ್ನಿಗೊಂದು ಕೊಟ್ಟಳು.

ಲಾರಿ ಗಂಗಾಪುರದ ಹತ್ತಿರ ಕೆಟ್ಟು ನಿಂತಿತು. ಸುಡುಬಿಸಿಲು. ಗೋಣಿಚೀಲಗಳ ಮೇಲೆ ತಾಡಪತ್ರಿ ಕಾದ ಹಂಚಾಗಿತ್ತು. ನಮಗೆ ಕುಡಿಯಲು ಇಟ್ಟಿದ್ದ ನೀರನ್ನೇ ಅವ್ವ ಚೀಲದ ಮೇಲೆ ಚಿಮುಕಿಸುತ್ತಿದ್ದಳು.

ಔರಂಗಾಬಾದ್‌ನ ಕ್ವಾರ್ಟರ್ಸ್ ಬಾಗಿಲಿಗೆ ಬಂದಾಗ ನಾವು ಮನೆ ತಪ್ಪಿ ಬಂದೆವೇನೋ ಅನ್ನಿಸಿತು. ಕಟ್ಟೆಯ ಮೇಲೆ ತುಳಸಿ ಹಸಿರಾಗಿತ್ತು. ಮಲ್ಲಿಗೆ ಬಳ್ಳಿ ಮೊಗ್ಗು ಬಿಟ್ಟಿತ್ತು. ಗಿಡದ ಪಾತಿಯೆಲ್ಲ ಒದ್ದೆ. ಒಳಗೆ ಬಲ್ಬು ಇತ್ತು, ತಂತಿ ಇತ್ತು, ಅಡಿಗೆಮನೆಯಲ್ಲಿ ಮಣ್ಣಿನ ಗಡಿಗೆ ತುಂಬ ತಣ್ಣೀರು. ಪಕ್ಕದ ಮನೆಯ ಜೋಶಿ ಕಾಕು ಚಹಾ ತಗೊಂಡು ಬಂದು ಹೇಳಿದರು: ಹೋದವರು ಹೋಗುವ ಮುಂಚೆ ಎಲ್ಲಕ್ಕೂ ನೀರುಣಿಸಿ, ಹೊಸಬರು ಬರುವ ತನಕ ನೀವು ನೋಡಿಕೊಳ್ಳಿ ಎಂದು ಒಪ್ಪಿಸಿ ಹೋಗಿದ್ದಾರೆ.

ಆಗಲೇ ಹಮಾಲ ಗೋಣಿಚೀಲ ಇಳಿಸಿ ಬಾಯಿ ಬಿಚ್ಚಿದ. ಬೆಂದ ಸೊಪ್ಪಿನ ವಾಸನೆ ಗಪ್ಪೆಂದು ಬಂತು. ಎಲ್ಲ ಕಪ್ಪಾಗಿ ಜೋತುಬಿದ್ದಿದ್ದವು.

"ಹೇ ಕಾಯ್ ಹೋ?" ಎಂದರು ಕಾಕು. ಇದೇನು ಅಂತ.

"ಅಬೋಲಿ," ಅಂದಳು ಅವ್ವ.

"ಅಯ್ಯೋ ಪಾಪ! ಆದರೇನು, ಅಲ್ಲಿ ಬರುವವರಿಗೂ ಬಿಟ್ಟು ಬಂದಿರುತ್ತೀರಲ್ಲ, ಅಲ್ಲಾದರೂ ಹೂವು ಬಿಡುತ್ತದೆ," ಎಂದು ಕಾಕು ಸಮಾಧಾನ ಹೇಳಿದರು.

ಅವ್ವ ನನ್ನ ಕಡೆ ನೋಡಲಿಲ್ಲ. "ಹೋ," ಅಂದಳು. ಹೌದು ಅಂತ.

ಅಪ್ಪ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿಬಿಟ್ಟರು. ನನಗಂತೂ ಕಿವಿ ಬಿಸಿಯಾಯಿತು. ಯಾರೂ ನಮ್ಮನ್ನು ಬೈದಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಆದರೂ ಆ ತಣ್ಣೀರಿನ ಗಡಿಗೆ ನೋಡಿದಾಗಲೆಲ್ಲ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಅವ್ವ ಆ ಮನೆಯ ಮಲ್ಲಿಗೆಗೆ ತಪ್ಪದೆ ನೀರು ಹಾಕಿದಳು. ಆದರೆ ಅದರ ಒಂದು ಮೊಗ್ಗನ್ನೂ ತನಗೆಂದು ಕೀಳಲಿಲ್ಲ. ಬುಟ್ಟಿಗಟ್ಟಲೆ ಜೋಶಿ ಕಾಕು ಮನೆಗೇ ಹೋಗುತ್ತಿತ್ತು. "ನೀವೂ ಮುಡಿಯಿರಿ," ಎಂದರೆ, ತಲೆನೋವು ಬರುತ್ತದೆ ಅನ್ನುತ್ತಿದ್ದಳು. ಎಲ್ಲಿಯ ತಲೆನೋವು!

ದೀಪಾವಳಿ ಮುಗಿದ ಮೇಲೆ ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ನಾಸಿಕ್‌ಗೆ ಹೋಗಿಬಂದರು. ಬಂದವರೇ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಿಟ್ಟರು. ಮೇಲೆ ಚಕ್ಕಲಿ, ಚಿವಡಾ, ಹಬ್ಬದ ಫರಾಳ. ಒಳಗೆ ಬಾಳೆ ಎಲೆ ಸುತ್ತಿ, ಒದ್ದೆ ಬಟ್ಟೆಯಲ್ಲಿಟ್ಟ ಅಬ್ಬಲಿಗೆ ಮಾಲೆ. ಮೊಳಗಟ್ಟಲೆ.

"ಯಾರು ಕೊಟ್ಟದ್ದು?" ಅವ್ವನ ದನಿ ಸಣ್ಣದಾಗಿತ್ತು.

"ಆ ಮನಿಗೆ ಬಂದಾಕಿ. ಮೊದಲ ಮಳಿ ಬಿದ್ದ ಕೂಡಲೇ ನುಗ್ಗಿ ಗಿಡದ ಬುಡಕ್ಕ ಎಲ್ಲಾ ಚಿಗತಾವಂತ. ನೆಲಾ ಕಾಣ್ದಂಗ ಬಂದಾವ. 'ನಿಮ್ಮನಿ ವಹಿನಿ ನಮಗಂತ ಬಿತ್ತಿಟ್ಟು ಹೋಗ್ಯಾರ, ಅವರಿಗೆ ಭಾಳ ದೊಡ್ಡ ಮನಸು' ಅಂದ್ಲು."

"ನೀವೇನಂದ್ರಿ?"

"ಏನನ್ಲಿ? ಸುಮ್ಮ ಇಸ್ಕೊಂಡು ಬಂದೆ."

ಅಷ್ಟರಲ್ಲಿ ಜೋಶಿ ಕಾಕು ಬಂದರು. ಮಾಲೆ ನೋಡಿ ಕೈ ತಟ್ಟಿ ನಕ್ಕರು. "ನಾನು ಹೇಳಿರಲಿಲ್ಲವೇ? ನೀವು ಬಿಟ್ಟದ್ದು ನಿಮ್ಮ ಹಿಂದೆಯೇ ಬಂತು!" ಎಂದು ತಮ್ಮ ಕೈಯಾರೆ ಅವ್ವನ ತುರುಬಿಗೆ ಮುಡಿಸಲು ಬಂದರು. ಅವ್ವ ತಟ್ಟನೆ ಹಿಂದೆ ಸರಿದಳು. ಮಾಲೆ ಇಸಕೊಂಡು ಹೋಗಿ ದೇವರ ಪಟಕ್ಕೆ ಹಾಕಿ, ಅಲ್ಲೇ ಗೋಡೆ ಕಡೆ ಮುಖ ಮಾಡಿ ನಿಂತಳು. ಕಾಕು ಅದನ್ನು ಭಕ್ತಿ ಅಂದುಕೊಂಡರು. ನಾನು ಹೊರಗೆ ಓಡಿದೆ.

ಒಮ್ಮೆ ನಾಸಿಕ್‌ಗೆ ಹೋಗಿ ಆಕೆಗೆ ಇದ್ದದ್ದು ಇದ್ದ ಹಾಗೆ ಹೇಳಿ ಬರಬೇಕು ಎಂದು ಅವ್ವ ಎಷ್ಟೋ ಸಲ ಅಂದಳು. ಹೋಗಲಿಲ್ಲ. ಆಮೇಲೆ ಎಷ್ಟೋ ಮನೆ ಬದಲಿಸಿದೆವು, ಪ್ರತಿ ಮನೆಯಲ್ಲೂ ಗಿಡ ನೆಟ್ಟಳು, ಒಂದನ್ನೂ ಕೀಳಲಿಲ್ಲ. ಈಗ ನಾಸಿಕ್‌ನ ಆ ಕ್ವಾರ್ಟರ್ಸ್ ಇಲ್ಲ. ಕಳೆದ ವರ್ಷ ತ್ರ್ಯಂಬಕೇಶ್ವರಕ್ಕೆ ಹೋದಾಗ ಹುಡುಕಿಕೊಂಡು ಹೋಗಿದ್ದೆ. ನುಗ್ಗೆ ಮರವಿದ್ದ ಕಡೆ ಫರಸಿ ಕಲ್ಲು ಹಾಸಿ ಕಾರು ನಿಲ್ಲಿಸಿದ್ದಾರೆ. ಆಕೆಯ ಹೆಸರು ಕೂಡ ನಮಗೆ ಗೊತ್ತಿಲ್ಲ. ಹೇಳಬೇಕೆಂದರೂ ಈಗ ಯಾರಿಗೆ ಹೇಳುವುದು?

ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಬ್ಬಲಿಗೆ ಮಾಲೆ ಕಂಡಿತು, ಅವ್ವನಿಗೆಂದು ತಂದೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಮುಡ್ಕೋ ಅವ್ವಾ, ನಿನಗಂತನ ತಂದೀನಿ."

"ಭಾಳ ಛಲೋ ಅದ," ಎಂದಳು. ಎದ್ದು ಹೋಗಿ ದೇವರಿಗೆ ಹಾಕಿ ಬಂದಳು.