ಹಳ್ಳಕ್ಕೆ ಬಿಟ್ಟ ನಾಲ್ಕು ರುಮಾಲು

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಆದರೂ ಹಳ್ಳಕ್ಕೆ ನೀರು ಬಂತು.

ನಾನು ಕಾರ್ಕಳದ ಕಡೆಯವಳು. ನಮ್ಮಲ್ಲಿ ನೆರೆ ಹೇಳಿ ಕೇಳಿ ಬರುತ್ತದೆ. ದಿನಗಟ್ಟಲೆ ಮಳೆ ಹೊಯ್ದು, ತೋಡು ತುಂಬಿ, ಗದ್ದೆ ಮುಳುಗಿದ ಮೇಲೆ ಹೊಳೆ ಅಂಗಳಕ್ಕೆ ಕಾಲಿಡುತ್ತದೆ. ನಾನೀಗ ಇರುವ ಬಸವನ ಬಾಗೇವಾಡಿಯ ಸುತ್ತ ಹಾಗಲ್ಲ. ನಾವು ಕಾಣದ ಯಾವುದೋ ಊರಿನ ಮೇಲೆ ಸುರಿದ ಮಳೆ, ಒಣಗಿ ಬಿದ್ದ ಹಳ್ಳದಲ್ಲಿ ಕರಿಮಣ್ಣು ಕಲಸಿಕೊಂಡು ಓಡಿ ಬರುತ್ತದೆ. ನಮ್ಮೂರಿನವರಿಗೆ ಫೋನಿನಲ್ಲಿ ಇದನ್ನು ಹೇಳಿದರೆ, ಮಳೆಯಿಲ್ಲದೆ ನೆರೆಯೇ ಎಂದು ನಕ್ಕರು.

ಇಲ್ಲಿನ ಪದವಿ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದು ಇದು ಎರಡನೇ ವರ್ಷ. ಬಂದ ಹೊಸದರಲ್ಲಿ ಮನೆಗಳೇ ನನಗೆ ಅರ್ಧ ಕಟ್ಟಿ ಬಿಟ್ಟಂತೆ ಕಾಣುತ್ತಿದ್ದವು. ಇಳಿಜಾರು ಛಾವಣಿಯಿಲ್ಲ, ಹೆಂಚಿಲ್ಲ, ಮೇಲೆ ಸಪಾಟಾದ ಮಾಳಿಗೆ. ಬಾಡಿಗೆ ಮನೆಯ ಒಡತಿ ಬಾಗಿಲಲ್ಲಿ ನಿಂತು "ಉಣ್ಣಾಕ ಬರ್ತೀಯೋ ಇಲ್ಲೋ?" ಎಂದಾಗ ಬೈಯುತ್ತಿದ್ದಾರೆಂದು ಹೆದರಿದ್ದೆ. ಆಕೆ ಬಿಸಿ ರೊಟ್ಟಿ ಆರಿಹೋಗುತ್ತದೆಂದು ಕರೆಯುತ್ತಿದ್ದರು. ಕುಚ್ಚಲಕ್ಕಿ ಗಂಜಿಯಿಲ್ಲದೆ ಮೊದಲ ತಿಂಗಳು ಹೊಟ್ಟೆ ತುಂಬಿದಂತೆಯೇ ಅನ್ನಿಸಲಿಲ್ಲ. ಈಗ ಜೋಳದ ಹಿಟ್ಟನ್ನು ಹರಿಯದಂತೆ ಬಡಿಯಲು ಬರುತ್ತದೆ. ನನ್ನ ರೊಟ್ಟಿ ಇನ್ನೂ ಭೂಪಟದ ಆಕಾರದಲ್ಲೇ ಇರುತ್ತದೆ, ಆದರೆ ಉಬ್ಬುತ್ತದೆ.

ರೇಣುಕಾ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ, ಗೊಳಸಂಗಿಯವಳು. ಒಂದು ರಜೆಯ ದಿನ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಕರೆದಿದ್ದಳು. ಊರಿಗೆ ಸ್ವಲ್ಪ ಮೊದಲು ಒಂದು ತಗ್ಗು ಸೇತುವೆ ಇದೆ. ನಾವು ಕೂತಿದ್ದ ಟಂಟಂ ಆಟೋ ಅಲ್ಲೇ ನಿಂತಿತು. ಪಾದ ಮುಳುಗುವಷ್ಟು ನೀರು. ಜನ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ದಾಟುತ್ತಿದ್ದರು. ನಾನು ಮುಂದೆ ನಡೆದೆ, ರೇಣುಕಾ ಹಿಂದೆ. ಆಚೆ ದಡ ಮುಟ್ಟಿ ತಿರುಗಿದರೆ, ಅಷ್ಟರಲ್ಲೇ ಏರಿದ ನೀರಿನಲ್ಲಿ ಸೇತುವೆ ಕಾಣಲಿಲ್ಲ, ರೇಣುಕಾಳೂ ಕಾಣಲಿಲ್ಲ. ಕೆಳಗೆ ಅಷ್ಟು ದೂರದಲ್ಲಿ ಒಂದು ಜಾಲಿ ಗಿಡ ನೀರಿನಲ್ಲಿ ಬಾಗಿತ್ತು. ಅದಕ್ಕೆ ಸಿಕ್ಕಿಕೊಂಡ ಅವಳ ಹಳದಿ ಓಢಣಿ ಮೊದಲು ಕಂಡಿತು, ಆಮೇಲೆ ಕೈ.

ನಾನು ಕೂಗಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ದಡದಲ್ಲಿ ನಿಂತಿದ್ದ ಗಂಡಸರಲ್ಲಿ ನಾಲ್ವರು ತಲೆಯ ರುಮಾಲು ಬಿಚ್ಚಿದರು. ಇಲ್ಲಿ ಹಿರಿಯರು ನಾಲ್ಕು ಮಂದಿಯ ಮುಂದೆ ಬರಿತಲೆಯಲ್ಲಿ ನಿಲ್ಲುವುದಿಲ್ಲ. ಅದು ಅವರಿಗೆ ಮೈಮೇಲಿನ ಅಂಗಿ ಹೋದಷ್ಟೇ ಸಂಕೋಚದ ಸಂಗತಿ. ಆ ದಿನ ಯಾರೂ ಆಚೀಚೆ ನೋಡಲಿಲ್ಲ. ಉದ್ದುದ್ದ ಬಟ್ಟೆಗಳನ್ನು ಒಂದಕ್ಕೊಂದು ಗಂಟು ಹಾಕಿದರು. ಒಬ್ಬ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ನೀರಿಗಿಳಿದ. ಜಾಲಿ ಗಿಡ ಮುಟ್ಟಿ, ಅದೇ ಬಟ್ಟೆಯನ್ನು ಅವಳ ಕಂಕುಳ ಕೆಳಗೆ ಸುತ್ತಿ ಹಿಡಿದುಕೊಂಡ. ಉಳಿದವರು ಎಳೆದರು. ಅವಳನ್ನು ಎತ್ತಿ ಗಾಡಿಗೆ ಹಾಕಿದಾಗ ರುಮಾಲುಗಳ ಹಗ್ಗ ಅವಳ ಮೈಮೇಲೇ ಇತ್ತು. ಹಾಗೆಯೇ ಆಸ್ಪತ್ರೆಗೆ ಹೋಯಿತು, ಅಲ್ಲಿಂದ ಅವರ ಮನೆಗೆ.

ರೇಣುಕಾ ಬದುಕಿದಳು. ನನ್ನ ನಿದ್ದೆ ಮಾತ್ರ ಕೆಟ್ಟಿತು. ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾದರೂ ಎದ್ದು ಹೋಗಿ ನಿಲ್ಲಿಸುತ್ತಿದ್ದೆ.

ನಡೆದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಕಾಲೇಜಿನಲ್ಲಿ ಕೇಳಿದರು. ಬರೆದೆ. ಹುಡುಗಿ 'ವಾಸ್ ಸಡನ್ಲಿ ಸ್ವೆಪ್ಟ್ ಅವೇ', ಆಮೇಲೆ 'ವಾಸ್ ಕ್ವಿಕ್ಲಿ ಪುಲ್ಡ್ ಔಟ್'. ಈ ವಾಕ್ಯಗಳ ಕಟ್ಟಡವನ್ನು ನಾನು ಎಷ್ಟೋ ವರ್ಷದಿಂದ ಮೆಚ್ಚಿಕೊಂಡು ಬಂದವಳು. 'ಪುಲ್' ಎಂದರೆ ಬರಿ ಎಳೆತ. 'ಔಟ್' ಸೇರಿದರೆ ಮಾತ್ರ ಹೊರಗೆ, ದಡಕ್ಕೆ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೂ ಆ ಜೋಡಿ ಕೈ ಬಿಡುವುದಿಲ್ಲ. 'ಬೇಗನೆ' ಎಂಬ ಕ್ರಿಯಾವಿಶೇಷಣಕ್ಕೆ 'ವಾಸ್' ಪಕ್ಕದಲ್ಲಿ ಒಂದು ಗೂಡು ಇದೆ, ಅದು ಅಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ವೇಗ, ದಿಕ್ಕು, ಕೆಲಸ ಎಲ್ಲ ನಾಲ್ಕು ಪದದಲ್ಲಿ. ಭಯಪಟ್ಟವಳಿಗೆ ಇದು ತುಂಬ ಒದಗಿ ಬಂತು. ಎಳೆದವರ ಮುಖಗಳನ್ನು ನೋಡದೆಯೇ ನಾನು ಆ ವಾಕ್ಯಗಳಲ್ಲಿ ಹಳ್ಳ ದಾಟಿಬಿಟ್ಟೆ. 'ಇಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ' ಎನ್ನಲು ಕೂಡ ಇಂಗ್ಲಿಷಿನಲ್ಲಿ 'ವೆಲ್ ಲುಕ್ಡ್ ಆಫ್ಟರ್' ಎಂದರೆ ಸಾಕು, ಯಾರು ಎಂದು ಹೇಳಬೇಕಾಗಿಲ್ಲ.

ಮೈ ಸರಿಯಾದ ಮೇಲೂ ರೇಣುಕಾ ಕಾಲೇಜಿಗೆ ಬರಲಿಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಅವಳ ಓದು ಅಲ್ಲಿಗೆ ಮುಗಿದಂತೆ. ನಾನು ಗೊಳಸಂಗಿಗೆ ಹೋದೆ. ಅವಳ ಅಪ್ಪ ಮಲ್ಲಪ್ಪನವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು.

"ಕಳಸೂದಿಲ್ಲ ಅಂತಲ್ರಿ ಮೇಡಮ್," ಎಂದರು. "ಮಂದಿ ರುಮಾಲ ನಮ್ಮ ಮನ್ಯಾಗ ಕುಂತಾವ. ಮೂರು ಯಾರವು ಅಂತ ತಿಳೀತು, ಈ ಊರವ್ರವ ಅದಾವು. ಕರದು ಹೊಸಾವು ಸುತ್ತಿ ಆಯೇರಿ ಮಾಡಿದ್ವಿ. ಇದೊಂದು ಯಾರದೂ ಅಲ್ಲ ಅಂತಾರ."

ಗುಲಾಬಿ ಬಣ್ಣದ ರುಮಾಲು. ಒಗೆದು, ಮಡಿಸಿ, ದೇವರ ಜಗಲಿಯ ಪಕ್ಕ ಇಟ್ಟಿದ್ದರು. ಆ ಮೂವರೂ ದಡದಲ್ಲಿ ಎಳೆದವರು; ನೀರಿಗಿಳಿದ ಪರವೂರಿನವನದು ಇದೇ.

ಒಳಗಿನಿಂದ ರೇಣುಕಾಳ ಅಜ್ಜಿ ಗಂಗವ್ವ ಹೇಳಿದರು: "ಮಂದಿ ತಲಿ ಮ್ಯಾಲಿಂದು ನಾವು ಇಟ್ಕೊಂಡು, ಹುಡುಗಿ ಆ ಹಳ್ಳ ಹ್ಯಾಂಗ ದಾಟಬೇಕು? ನೀ ಅಲ್ಲೇ ನಿಂತಿದ್ದೆಲ್ಲವಾ. ಯಾರು ಎಳದ್ರು ಹೇಳು."

"ಗೊತ್ತಾಗ್ತಿಲ್ಲ ಅಜ್ಜಿ. ನೀರು ಮಾತ್ರ ಕಾಣ್ತದೆ."

"ಇಷ್ಟ ಕಲ್ತಾಕಿ, ಕಣ್ಣ ಮುಂದಿಂದು ಕಾಣಲಿಲ್ಲಂದ್ರ?" ಎಂದು ಅಜ್ಜಿ ನಕ್ಕರು. "ಇರಲಿ. ಹೆದರಿದ್ದಿ. ಮೊದಲ ಚಾ ಕುಡಿ."

ರುಮಾಲು ಹಿಂತಿರುಗಿಸದೆ ಮಗಳು ಆ ನೀರು ದಾಟಬಾರದು ಎನ್ನುವುದು ನನಗೆ ಮೊದಲು ಮೂಢನಂಬಿಕೆಯಂತೆ ಕೇಳಿಸಿತು. ವಾಪಸು ಬರುವಾಗ ಯೋಚಿಸಿದೆ. ನಮ್ಮಲ್ಲಾಗಿದ್ದರೆ 'ಯಾರೋ ಪುಣ್ಯಾತ್ಮರು' ಎಂದು ಕೈಮುಗಿದು ಸುಮ್ಮನಾಗುತ್ತಿದ್ದೆವು. ಇವರಿಗೆ ಆ 'ಯಾರೋ' ಸಾಕಾಗುವುದಿಲ್ಲ. ಊರು ಬೇಕು, ಹೆಸರು ಬೇಕು, ತಲೆ ಬೇಕು.

ಅದಾಗಿ ಕೆಲವು ದಿನಕ್ಕೆ ಪಠ್ಯದಲ್ಲಿ ಕರ್ಮಣಿ ಪ್ರಯೋಗವೇ ಬಂತು. ಹಲಗೆಯ ಮೇಲೆ ಬೇರೆ ಉದಾಹರಣೆ ಬರೆಯಬೇಕೆಂದುಕೊಂಡಿದ್ದೆ. ಕೈ ತಾನಾಗಿಯೇ 'ವಾಸ್ ಕ್ವಿಕ್ಲಿ ಪುಲ್ಡ್ ಔಟ್' ಎಂದು ಬರೆಯಿತು. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಯಾರು ಎಳದ್ರಿ ಮೇಡಮ್?"

ಆಗ, ತರಗತಿಯ ನಡುವೆ, ನನಗೆ ಆ ದಡ ಮತ್ತೆ ಬಂತು. ಈ ಸಲ ಕಿವಿಗೆ ಬಂತು. ಗಂಟು ಹಾಕುತ್ತ ಒಬ್ಬ ಹೇಳುತ್ತಿದ್ದ: "ನಂದು ಜ್ವಾಪಾನ್ರೋ. ನಿನ್ನೇರ ತಂದೇನಿ."

ಇನ್ನೊಬ್ಬ: "ಹರದ್ರ ಮತ್ತೊಂದು ಸಿಗತೈತಿ. ಬಿಗಿ."

"ನಿನಗೇನಪಾ. ಅಗರಖೇಡಕ್ಕ ಬರೇ ತಲೀಲೆ ಹೋದ್ರ ಹೆಂಡ್ತಿ ನನ್ನ ಒಳಗ ಬಿಟ್ಕೊಳ್ಳೂದಿಲ್ಲ."

ಹೀಗೆನ್ನುತ್ತಲೇ ಅವನು ನೀರಿಗಿಳಿದಿದ್ದ. ಸಾವಿನ ಎದುರಿಗೆ ನಿಂತು ಹೆಂಡತಿಯ ಹೆದರಿಕೆ ಹೇಳಿ ನಕ್ಕವನು. ಅಷ್ಟು ದಿನ ಕಪ್ಪು ನೀರೊಂದೇ ಇದ್ದ ಕಡೆ ನನಗೆ ಒಬ್ಬ ಮನುಷ್ಯ ಕಂಡ.

"ಅಗರಖೇಡದವರು," ಎಂದೆ ಹುಡುಗಿಯರಿಗೆ. ಆ ಸಂಜೆಯೇ ಗೊಳಸಂಗಿಗೆ ಫೋನ್ ಮಾಡಿದೆ.

ಭಾನುವಾರ ಮಲ್ಲಪ್ಪ, ರೇಣುಕಾ, ನಾನು ಆ ಹಳ್ಳ ತಪ್ಪಿಸಿ ಸುತ್ತುದಾರಿ ಹಿಡಿದು, ವಿಜಯಪುರ, ಇಂಡಿ ಎಂದು ಬಸ್ಸು ಬದಲಿಸಿ ಅಗರಖೇಡ ಮುಟ್ಟಿದೆವು. ಗೊಳಸಂಗಿ ಕಡೆಯ ಸಂತೆಗೆ ಹೋಗಿ ಬಂದವರು ಯಾರು ಎಂದು ಕೇಳಿದೆವು. ಶರಣಪ್ಪ ಎಂದರು. ಹಳೆಯ ಟವೆಲು ತಲೆಗೆ ಸುತ್ತಿಕೊಂಡು ಎತ್ತಿಗೆ ಮೇವು ಹಾಕುತ್ತಿದ್ದರು. ಗುಲಾಬಿ ರುಮಾಲು ಕಂಡದ್ದೇ, ನಮಗಿಂತ ಮೊದಲು ಹೆಂಡತಿಯ ಕಡೆ ನೋಡಿದರು.

"ಸಂತ್ಯಾಗ ಕಳೀತು ಅಂದಿದ್ದೆಲ್ಲ?" ಎಂದರು ಆಕೆ.

"ಸಿಕ್ಕೈತಿ ನೋಡಲ್ಲ ಈಗ."

ಮಲ್ಲಪ್ಪ ನಡೆದದ್ದನ್ನೆಲ್ಲ ಹೇಳಿದರು. ಆಕೆ ಗಂಡನ ಕಡೆ ತಿರುಗಿದರು. "ಈಜು ಬರ್ತೈತೇನ ನಿನಗ?"

"ಎಲ್ಲೀದು."

"ಮತ್ತ ಯಾಕ ಇಳದಿ?"

"ನಾ ಒಬ್ನ ಏನ ಮಾಡೀನಿ? ದಂಡಿ ಮ್ಯಾಲ ಅವ್ರು ಹಿಡದಿದ್ರು, ಅದಕ್ಕ ಇಳದೆ. ಹಿಡದವ್ರಿಗೆ ಮಾಡ್ರಿ ಆಯೇರಿ."

"ಅವರಿಗೆ ಆಗೇತ್ರಿ," ಎಂದರು ಮಲ್ಲಪ್ಪ. "ಈಗ ನಿಮ್ಮ ಪಾಳಿ. ತಲಿ ಬಗ್ಗಸ್ರಿ."

ಮಲ್ಲಪ್ಪನವರು ಹೊಸ ರುಮಾಲು ಸುತ್ತಿದರು. ರೇಣುಕಾ ಶರಣಪ್ಪನವರ ಕಾಲು ಮುಟ್ಟಿದಳು. "ಓದಾಕತ್ತೀಯೇನ ತಂಗಿ?" ಎಂದು ಅವರು ಕೇಳಿದರು. ಅವಳು ಅಪ್ಪನ ಮುಖ ನೋಡಿದಳು.

"ನಾಳಿಂದ ಹೊಕ್ಕಾಳ್ರಿ," ಎಂದರು ಮಲ್ಲಪ್ಪ.

ಹೊರಡುವಾಗ ಶರಣಪ್ಪನವರ ಹೆಂಡತಿ ರೇಣುಕಾಳಿಗೆ ಉಡಿ ತುಂಬಿದರು. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಕುಪ್ಪಸದ ಬಟ್ಟೆ. ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಇಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳ ಚೂಡಿದಾರಕ್ಕೆ ಓಢಣಿಯೇ ಸೆರಗಾಯಿತು. ನಾನು ಪಕ್ಕಕ್ಕೆ ಸರಿದು ನಿಂತಿದ್ದೆ.

"ನೀನೂ ಬಾರವಾ, ಸೆರಗ ಹಿಡಿ. ಯಾವೂರಾಕಿ ನೀ?"

ಕಾರ್ಕಳ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ರೇಣುಕಾ ಹೇಳಿಬಿಟ್ಟಳು, "ನಮ್ಮೂರಾಕೀನ್ರಿ."

ನಾನು ತಿದ್ದಲಿಲ್ಲ. ಸೆರಗು ಹಿಡಿದೆ.

ಇಂಡಿಯಿಂದ ಬರುವ ಬಸ್ಸಿನಲ್ಲಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಕೇಳಿ, "ಆ ಅಕ್ಕಿಯನ್ನು ಏನು ಮಾಡಬೇಕಂತೆ?" ಎಂದಳು. ಉಡಿ ಅಕ್ಕಿಯನ್ನು ಮನೆಗೆ ಒಯ್ದು ಅಡುಗೆ ಮಾಡಿ ಉಣ್ಣಬೇಕು ಎಂದು ರೇಣುಕಾ ಹೇಳಿಕೊಟ್ಟಿದ್ದಳು. ಹಾಗೆಯೇ ಹೇಳಿದೆ. "ಹಾಗಾದರೆ ತೆಗೆದಿಡು, ರಜೆಗೆ ಬಂದಾಗ ಇಲ್ಲಿ ಮಾಡುವ," ಎಂದಳು ಅಮ್ಮ. ಬಾಗೇವಾಡಿಯಲ್ಲಿ ಇಳಿದು ಮನೆಗೆ ಬಂದಾಗ ಮನೆಯೊಡತಿ ನನ್ನ ಮಡಿಲು ನೋಡಿ, ಅನ್ನಕ್ಕೆ ಒಲೆಯ ಮೇಲೆ ನೀರಿಟ್ಟರು. ಅರ್ಧ ಅಕ್ಕಿ ಅವರ ಕೈಗೆ ಕೊಟ್ಟೆ. ಉಳಿದರ್ಧವನ್ನು ಅಮ್ಮನಿಗೆಂದು ಸೆರಗಿನಲ್ಲೇ ಗಂಟು ಕಟ್ಟಿದೆ.